ತುಮರಿಯಿಂದ ಬೆಂಗಳೂರಿಗೆ ಎಷ್ಟು ದೂರ?

2025ರ ಜುಲೈ 14ರಂದು ಸಾಗರ ತಾಲೂಕಿನ ಅಂಬಾರಗೋಡ್ಲು–ಕಳಸವಳ್ಳಿಗಳ ನಡುವಿನ ಸೇತುವೆಯ ಉದ್ಘಾಟನೆಯಾಯಿತು. ಲಿಂಗನಮಕ್ಕಿ ಹಿನ್ನೀರಿನ ಮೇಲೆ 2.44 ಕಿಲೋಮೀಟರು ಉದ್ದಕ್ಕೆ ಚಾಚಿಕೊಂಡಿರುವ ಈ ಸೇತುವೆಗೆ ಸುಮಾರು 470 ಕೋಟಿ ರೂಪಾಯಿ ವೆಚ್ಚವಾಗಿದೆ. ಸಮಾರಂಭಕ್ಕೆ ಯಾರನ್ನು ಯಾವಾಗ ಕರೆಯಲಾಯಿತು ಎಂಬುದರ ಬಗ್ಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನಡುವೆ ಜಟಾಪಟಿಯೂ ನಡೆಯಿತು. ಎಂಬತ್ತು ಕಿಲೋಮೀಟರಿನ ಸುತ್ತು ತಪ್ಪಿತು, ದ್ವೀಪದ ಬಾಳು ಮುಗಿಯಿತು, ಹಿನ್ನೀರಿನ ಜನರ ಕನಸು ನನಸಾಯಿತು ಎಂದು ಪತ್ರಿಕೆಗಳು ಬರೆದವು. ಎಲ್ಲವೂ ನಿಜವೇ. ಆದರೆ ಆ ಎಂಬತ್ತು ಕಿಲೋಮೀಟರನ್ನು ಅಲ್ಲಿ ತಂದಿಟ್ಟವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಅಂದು ಯಾರೂ ಎತ್ತಲಿಲ್ಲ.

ದೂರವೆಂಬುದು ಬೆಟ್ಟ, ಹೊಳೆಗಳಂತೆ ನಿಸರ್ಗವೇ ಇಟ್ಟದ್ದು ಎಂಬ ಭಾವನೆ ಬೆಂಗಳೂರಿನಲ್ಲಿ ಬೇರೂರಿದೆ. ‘ಕುಗ್ರಾಮ’, ‘ದುರ್ಗಮ ಪ್ರದೇಶ’ ಎಂಬ ಪದಗಳು ಸರ್ಕಾರಿ ಕಡತಗಳಲ್ಲಿ ಹೇರಳವಾಗಿ ಸಿಗುತ್ತವೆ. ಓದಿದವರಿಗೆ ಆ ಊರು ಹುಟ್ಟಿದಂದಿನಿಂದಲೂ ದುರ್ಗಮವಾಗಿತ್ತೆಂದೇ ಅನ್ನಿಸಬೇಕು. ಕರೂರು–ಬಾರಂಗಿ ಸೀಮೆಯ ಚರಿತ್ರೆ ಈ ಭಾವನೆಯನ್ನು ಸುಳ್ಳಾಗಿಸುತ್ತದೆ. ಸೇತುವೆಯ ಸಾಗರದ ಕಡೆಯ ತುದಿಯಲ್ಲಿರುವ ಸ್ಥಳದ ಹೆಸರು ಹೊಳೆಬಾಗಿಲು. ಹೊಳೆಗೊಂದು ಬಾಗಿಲು, ಎಂದರೆ ದಾಟುವ ಜಾಗ. ಆ ಬಾಗಿಲ ಮೂಲಕ ಎರಡೂ ದಡದ ಜನ ನೆಂಟಸ್ತಿಕೆ ಬೆಳೆಸಿದ್ದರು, ಜಾತ್ರೆಗೆ ಹೋಗಿಬರುತ್ತಿದ್ದರು, ಅಡಿಕೆ ಸಾಗಿಸುತ್ತಿದ್ದರು. ನಡುವೆ ಇದ್ದದ್ದು ಒಂದು ಹೊಳೆ ಮಾತ್ರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಆ ಹೊಳೆ ಎರಡು ಕಿಲೋಮೀಟರಿಗೂ ಮಿಕ್ಕಿದ ನೀರಿನ ಬಯಲಾಯಿತು. ಊರು ಇದ್ದಲ್ಲಿಯೇ ಇತ್ತು, ಪೇಟೆಯೂ ಇದ್ದಲ್ಲಿಯೇ ಇತ್ತು. ಅವೆರಡರ ನಡುವಿನ ದಾರಿಯನ್ನು ಸರ್ಕಾರ ಮುಳುಗಿಸಿತು.

ಅದಕ್ಕೆ ಹದಿನಾರು ವರ್ಷ ಮೊದಲು, 1948ರಲ್ಲಿ, ಅದೇ ಶರಾವತಿಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಬಂದಿತ್ತು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರುಣಿಸಲು ಕಟ್ಟಿದ ಆ ಕಟ್ಟೆಯನ್ನೇ ಲಿಂಗನಮಕ್ಕಿಯ ನೀರು ನುಂಗಿತು. ಮಳೆ ಕೈಕೊಟ್ಟು ಹಿನ್ನೀರು ತಳ ಕಂಡ ವರ್ಷಗಳಲ್ಲಿ ಮಡೆನೂರಿನ ಕಟ್ಟೆ ಈಗಲೂ ತಲೆ ಎತ್ತುತ್ತದೆ, ಜನ ಅದನ್ನು ನೋಡಲು ಹೋಗುತ್ತಾರೆ. ಒಂದು ಕಟ್ಟೆ ಹದಿನಾರೇ ವರ್ಷಕ್ಕೆ ಸಾಲದಾಯಿತು ಎಂಬ ಸಂಗತಿಯಲ್ಲಿ ಮಹಾನಗರದ ಹಸಿವಿನ ಅಳತೆ ಇದೆ. ಮುಳುಗಡೆಯಾದ ಊರುಗಳವರನ್ನು ಶಿವಮೊಗ್ಗ, ಹೊಸನಗರ, ಭದ್ರಾವತಿ, ಸೊರಬಗಳ ಕಾಡಂಚಿಗೆ ಕಳುಹಿಸಲಾಯಿತು. ಮುಳುಗದೆ ಉಳಿದವರದು ಬೇರೊಂದು ಪಾಡು. ಮನೆ ತೋಟ ಉಳಿದುದರಿಂದ ಅವರು ಸಂತ್ರಸ್ತರ ಪಟ್ಟಿಗೆ ಸೇರಲಿಲ್ಲ. ದಾರಿ ಕಳೆದುಕೊಂಡವನಿಗೆ ಪರಿಹಾರ ಕೊಡುವ ಪದ್ಧತಿ ಈ ದೇಶದಲ್ಲಿ ಇಲ್ಲ. ಎಕರೆಗೆ ಬೆಲೆ ಕಟ್ಟುವ ಅಧಿಕಾರಿಗೆ ಕಿಲೋಮೀಟರಿಗೆ ಬೆಲೆ ಕಟ್ಟಲು ಕಲಿಸಿದವರಿಲ್ಲ. ಈ ಸೀಮೆಯ ಮುಳುಗಡೆಯ ಬದುಕನ್ನು ನಾ. ಡಿಸೋಜರು ಕಾದಂಬರಿಗಳಲ್ಲಿ ದಾಖಲಿಸಿದರು. ಗಿರೀಶ ಕಾಸರವಳ್ಳಿಯವರು ಅವರ ‘ದ್ವೀಪ’ವನ್ನು 2002ರಲ್ಲಿ ಚಲನಚಿತ್ರ ಮಾಡಿದರು. ದೇಶವೆಲ್ಲ ಮೆಚ್ಚಿತು. ದ್ವೀಪ ದ್ವೀಪವಾಗಿಯೇ ಉಳಿಯಿತು.

ಅಣೆಕಟ್ಟೆಯಾದ ಮೇಲೆ ಸಿಕ್ಕಿದ್ದು ಲಾಂಚು. ಬೆಳಗಿನಿಂದ ಸಂಜೆಯ ತನಕ ಅದರ ಓಡಾಟ, ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿ ಆಚೆ ದಡದಲ್ಲಿಯೇ. ಹೆರಿಗೆ ನೋವಾಗಲಿ ಹಾವಿನ ಕಡಿತವಾಗಲಿ ಲಾಂಚಿನ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಅಂಥ ರಾತ್ರಿ ಉಳಿದಿದ್ದ ದಾರಿಯೆಂದರೆ ಕಾಡಿನ ನಡುವೆ ಸುಮಾರು ಎಂಬತ್ತು ಕಿಲೋಮೀಟರು ಸುತ್ತಿ ಸಾಗರದ ಆಸ್ಪತ್ರೆ ಸೇರುವುದು. ಬೇಸಿಗೆಯ ಕೊನೆಗೆ ನೀರು ತೀರ ಇಳಿದ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಅದರ ಮೇಲೆ ಸಿಗಂದೂರಿನ ಯಾತ್ರಿಕರ ದಟ್ಟಣೆ. ರಜೆಯ ದಿನಗಳಲ್ಲಿ ನಗರದ ಕಾರುಗಳ ಸಾಲಿನ ಹಿಂದೆ ಊರಿನವನ ಗೊಬ್ಬರದ ಗಾಡಿ ಕಾಯಬೇಕಿತ್ತು. ನೀರು ಕೊಟ್ಟವನು ಆ ನೀರನ್ನೇ ದಾಟಲು ಸರದಿಯಲ್ಲಿ ನಿಂತ.

ದೂರ ಬೆಳೆಯನ್ನೂ ತೀರ್ಮಾನಿಸುತ್ತದೆ ಎಂಬುದನ್ನು ಕೃಷಿ ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಜರ್ಮನಿಯ ಜಮೀನುದಾರ ಫಾನ್ ಥ್ಯೂನೆನ್ 1826ರಲ್ಲಿಯೇ ಇದರ ಲೆಕ್ಕ ಹಾಕಿದ್ದ. ಪೇಟೆಯ ಸುತ್ತ ಮೊದಲ ಬಳೆಯಲ್ಲಿ ಹಾಲು, ತರಕಾರಿ. ಅದರಾಚೆ ಸೌದೆ, ಮತ್ತೂ ಆಚೆ ಧಾನ್ಯ, ಕೊನೆಗೆ ತನ್ನ ಕಾಲಿನಿಂದ ತಾನೇ ನಡೆದು ಬರಬಲ್ಲ ದನಕುರಿ. ಸಾಗಣೆಯ ಖರ್ಚು ಏರಿದಂತೆ ಕೆಡುವ ವಸ್ತು ಬೆಳೆಯುವ ಧೈರ್ಯ ರೈತನಿಗೆ ಉಳಿಯುವುದಿಲ್ಲ. ಮಲೆನಾಡಿನ ಒಳಗಿನ ಊರುಗಳಲ್ಲಿ ಅಡಿಕೆ, ಮೆಣಸು, ಏಲಕ್ಕಿಗಳೇ ಏಕೆ ನಿಂತವು ಎಂಬುದಕ್ಕೆ ಮಣ್ಣು ಮಳೆಗಳಷ್ಟೇ ಕಾರಣವಲ್ಲ, ದೂರವೂ ಕಾರಣ. ಬೇಯಿಸಿ ಒಣಗಿಸಿದ ಅಡಿಕೆ ಅಟ್ಟದ ಮೇಲೆ ವರ್ಷಗಟ್ಟಲೆ ಕಾಯುತ್ತದೆ, ದಾರಿ ಸರಿಯಾದಾಗ ಮಂಡಿಗೆ ಹೋಗುತ್ತದೆ. ಅಪ್ಪೆಮಿಡಿಯನ್ನು ಕೊಯ್ದ ಕೂಡಲೇ ಉಪ್ಪುನೀರಿಗೆ ಹಾಕುವುದರಲ್ಲಿಯೂ ರುಚಿಯ ಜೊತೆಗೆ ದೂರದ ವಿವೇಕವಿದೆ. ಹಲಸು, ಬಾಳೆ, ಹಾಲು, ಹೂವುಗಳಿಗೆ ಆ ತಾಳ್ಮೆ ಇಲ್ಲ. ಹಲಸು ಮರದ ಬುಡದಲ್ಲಿಯೇ ಕೊಳೆಯುತ್ತದೆ. ಒಂದೇ ಬೆಳೆಗೆ ಜೋತುಬಿದ್ದ ರೈತನನ್ನು ಬೈಯುವ ತಜ್ಞರು, ಬಹುಬೆಳೆ ಬೆಳೆಯಿರಿ ಎಂದು ಉಪದೇಶಿಸುವ ಅಧಿಕಾರಿಗಳು, ಬೆಳೆದ ಬಾಳೆಗೊನೆ ಎಷ್ಟು ಗಂಟೆಯಲ್ಲಿ ಪೇಟೆ ಸೇರುತ್ತದೆ ಎಂದು ಒಮ್ಮೆಯೂ ಕೇಳಿದ್ದಿಲ್ಲ.

ಅಡಿಕೆಯಲ್ಲಿಯೂ ಎಲ್ಲ ಕೆಲಸ ಕಾಯುವುದಿಲ್ಲ. ಕೊಳೆರೋಗಕ್ಕೆ ಮೊದಲ ಸಲ ಬೋರ್ಡೋ ದ್ರಾವಣ ಹೊಡೆಯಬೇಕಾದದ್ದು ಮುಂಗಾರು ಹಿಡಿಯುವ ಮೊದಲು. ನಂತರ ನಲವತ್ತು–ನಲವತ್ತೈದು ದಿನಕ್ಕೆ ಎರಡನೆಯದು, ಅದೂ ಮಳೆ ಬಿಡುವು ಕೊಟ್ಟ ಗಳಿಗೆಯಲ್ಲಿ. ಮೈಲುತುತ್ತ, ಸುಣ್ಣ ಮನೆಯಲ್ಲಿರಬೇಕು, ಕೊನೆಗೌಡ ಅಂದೇ ಸಿಗಬೇಕು. ಹಿನ್ನೀರು ತಳಕ್ಕಿಳಿಯುವುದು ಮತ್ತು ತೋಟಕ್ಕೆ ಮದ್ದು ಬೇಕಾಗುವುದು ಒಂದೇ ಕಾಲ, ಜೂನ್ ಮೊದಲ ಭಾಗ. ಲಾಂಚು ವಾಹನ ಒಯ್ಯುವುದಿಲ್ಲವೆಂದ ವಾರವೇ ಮೈಲುತುತ್ತದ ಚೀಲ ಬರಬೇಕಾಗಿತ್ತು. ಮೂರು ದಿನ ತಡವಾದರೆ ಆಗುವ ನಷ್ಟ ಉದುರಿದ ಕಾಯಿಯ ರೂಪದಲ್ಲಿ ತೋಟದ ನೆಲದ ಮೇಲೆ ಬಿದ್ದಿರುತ್ತದೆ. ಯಾವ ಜಲವಿದ್ಯುತ್ ಯೋಜನೆಯ ಲಾಭ–ವೆಚ್ಚದ ಪಟ್ಟಿಯಲ್ಲಿಯೂ ಅದಕ್ಕೊಂದು ಸಾಲು ಇಲ್ಲ.

ಇನ್ನೊಂದು ದಿಕ್ಕಿನ ಪಯಣವನ್ನು ನೋಡಬೇಕು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅಲ್ಲಿ ಹುಟ್ಟಿದ ವಿದ್ಯುತ್ತು ಬೆಂಗಳೂರನ್ನು ಮುಟ್ಟಲು ಕ್ಷಣವೂ ಬೇಡ. ಅದಕ್ಕೆಂದು ಕಾಡು ಕಡಿದು ಗೋಪುರ ನಿಲ್ಲಿಸಿ ತಂತಿ ಎಳೆಯುವಾಗ ‘ದುರ್ಗಮ ಪ್ರದೇಶ’ ಎಂಬ ಮಾತು ಯಾವ ಕಡತದಲ್ಲಿಯೂ ಅಡ್ಡ ಬರಲಿಲ್ಲ. ಆ ತಂತಿಯ ಅಡಿಯಲ್ಲಿದ್ದ ಎಷ್ಟೋ ಮುಳುಗಡೆ ಮನೆಗಳಲ್ಲಿ ದಶಕಗಳ ಕಾಲ ಚಿಮಣಿ ಬುಡ್ಡಿ ಉರಿಯಿತು. ಸಾಗರದಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 350 ಕಿಲೋಮೀಟರು. ಬೆಂಗಳೂರಿಗೆ ಬೇಕಾದದ್ದು ಹೋಗುವಾಗ ಈ 350 ಏನೂ ಅಲ್ಲ. ತುಮರಿಯ ಬಸುರಿ ಸಾಗರಕ್ಕೆ ಬರುವಾಗ ಎರಡೂವರೆ ಕಿಲೋಮೀಟರು ಅರವತ್ತೊಂದು ವರ್ಷದಷ್ಟು ದೂರ.

ಹಣವಿರಲಿಲ್ಲ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಅದೇ ಆಗಸ್ಟಿನಲ್ಲಿ ಬೆಂಗಳೂರಿನ ವಿಮಾನ ಬಂದಿಳಿಯಿತು. ಅದಕ್ಕೆ ತಗುಲಿದ ವೆಚ್ಚ ಸುಮಾರು 450 ಕೋಟಿ ರೂಪಾಯಿ, ಸೇತುವೆಯ ವೆಚ್ಚಕ್ಕೆ ಹೆಚ್ಚುಕಡಿಮೆ ಸಮ. ರಾಜಧಾನಿಯಿಂದ ಜಿಲ್ಲಾ ಕೇಂದ್ರಕ್ಕೆ ಬರುವವನ ದೂರ ಒಂದು ಗಂಟೆಗೆ ಕುಗ್ಗಿದ ದಿನವೂ ಹೊಳೆಬಾಗಿಲಿನಲ್ಲಿ ಜನ ಲಾಂಚಿಗೆ ಕಾಯುತ್ತಿದ್ದರು. ಸೇತುವೆಗೆ ಶಂಕುಸ್ಥಾಪನೆಯಾದದ್ದು 2018ರ ಫೆಬ್ರುವರಿಯಲ್ಲಿ. ಸೇತುವೆ ಬೇಕೆಂಬ ಕೂಗು ಅದಕ್ಕೆ ಎಷ್ಟೋ ದಶಕ ಹಿಂದಿನದು.

2019ರ ಬೇಸಿಗೆಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಒಯ್ಯಲು ವಿಸ್ತೃತ ಯೋಜನಾ ವರದಿ ಸಿದ್ಧಪಡಿಸುವಂತೆ ಅಂದಿನ ಉಪಮುಖ್ಯಮಂತ್ರಿಗಳು ಸೂಚಿಸಿದರು. 30 ಟಿಎಂಸಿ ನೀರಿನ ಮಾತು ಕೇಳಿಬಂತು. ಶಾಲೆಯ ಭೌತಶಾಸ್ತ್ರದಿಂದಲೇ ಇದರ ತೂಕ ತಿಳಿಯಬಹುದು. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 1819 ಅಡಿ ಎತ್ತರ. ಬೆಂಗಳೂರು ಇರುವುದು ಸುಮಾರು 3000 ಅಡಿ ಎತ್ತರದಲ್ಲಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಟನ್ ನೀರು. ಅದನ್ನು 1200 ಅಡಿ ಮೇಲೆತ್ತಲು, ಕೊಳವೆಯ ಘರ್ಷಣೆ, ಪಂಪಿನ ಸೋರಿಕೆ ಒಂದನ್ನೂ ಲೆಕ್ಕಕ್ಕೆ ಹಿಡಿಯದೆ, 2.8 ಕೋಟಿ ಯೂನಿಟ್ ವಿದ್ಯುತ್ತು ಬೇಕು. 30 ಟಿಎಂಸಿಗೆ 84 ಕೋಟಿ ಯೂನಿಟ್. ಅದೇ ನೀರು ಪಶ್ಚಿಮಕ್ಕೆ ಇಳಿದಿದ್ದರೆ ತಾನೇ ವಿದ್ಯುತ್ತು ಕೊಡುತ್ತಿತ್ತು. ಕೊಡುವುದನ್ನು ಕಳೆದುಕೊಂಡು, ಮೇಲೆತ್ತಲು ಖರ್ಚು ಮಾಡಿ, ಲಿಂಗನಮಕ್ಕಿ ತುಂಬದ ವರ್ಷಗಳೂ ಇವೆ ಎಂಬುದನ್ನು ಮರೆತು ಹಾಕಿದ ಯೋಜನೆ ಅದು. ನಾ. ಡಿಸೋಜರಂಥ ಹಿರಿಯರು ಮುಂದೆ ನಿಂತರು, 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಆ ಮಾತು ಆಮೇಲೆಯೂ ಆಗಾಗ ತಲೆ ಎತ್ತುತ್ತಲೇ ಇದೆ. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು, ಸೇತುವೆ ತೆರೆಯಲು ಆರು ತಿಂಗಳಿದ್ದಾಗ.

ಈಗಿನದು ಶರಾವತಿ ಪಂಪ್ಡ್ ಸ್ಟೋರೇಜ್, 2000 ಮೆಗಾವಾಟಿನದು. ಗೇರುಸೊಪ್ಪೆಯ ಕೆಳ ಜಲಾಶಯದ ನೀರನ್ನು ತಳಕಳಲೆಗೆ ಎತ್ತುವುದು, ಬೇಡಿಕೆ ಹೆಚ್ಚಾದ ಹೊತ್ತಿನಲ್ಲಿ ಅದನ್ನೇ ಕೆಳಗಿಳಿಸಿ ವಿದ್ಯುತ್ತು ಪಡೆಯುವುದು. ಇಂಥ ವ್ಯವಸ್ಥೆಯಲ್ಲಿ ಎತ್ತಲು ತಗುಲಿದ ವಿದ್ಯುತ್ತಿನಲ್ಲಿ ಐದರಲ್ಲಿ ಒಂದು ಪಾಲಾದರೂ ಮರಳಿ ಸಿಗುವುದಿಲ್ಲ. ಸಂಜೆಯ ಬೇಡಿಕೆ ಏರುವುದು ನಗರದಲ್ಲಿ, ಸುರಂಗ ಕೊರೆಯುವುದು ಸಿಂಗಳೀಕಗಳ ಕಾಡಿನಲ್ಲಿ. 2019ರಲ್ಲಿ ಇದೇ ಸರ್ಕಾರಿ ಯಂತ್ರ ಶರಾವತಿ ಕಣಿವೆಯನ್ನು ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಿತ್ತು. ಆ ಕಾಡಿನಲ್ಲಿ ಹತ್ತು ಹೆಜ್ಜೆ ಕಾಲುದಾರಿ ಅಗಲ ಮಾಡಲು ಹೊರಟ ಹಳ್ಳಿಗನಿಗೆ ಅರಣ್ಯ ಇಲಾಖೆ ನೋಟಿಸು ಕೊಡುತ್ತದೆ. ಯಂತ್ರ ಸಾಗಿಸುವ ದಾರಿಗೆ ಮಾತ್ರ ಕಡತ ತಾನಾಗಿ ನಡೆಯುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಪರಿಸರದವರು ರಸ್ತೆಗೆ ಅಡ್ಡಿ, ಸೇತುವೆಗೆ ಅಡ್ಡಿ, ಹಳ್ಳಿಯವರು ಕತ್ತಲಲ್ಲೇ ಇರಲೆಂಬುದು ಅವರ ಆಸೆ ಎಂದು ರಾಜಕಾರಣಿಗಳು ಸಭೆ ಸಭೆಯಲ್ಲಿ ಹೇಳುತ್ತಾರೆ. ಈ ಮಾತಿಗೆ ಬಲ ತಂದುಕೊಟ್ಟವರು ನಗರದ ಕೆಲವು ನಿಸರ್ಗಪ್ರೇಮಿಗಳೇ. ಲಾಂಚಿನ ಯಾನ ಎಷ್ಟು ಸುಂದರ, ಸೇತುವೆ ಬಂದು ಆ ಚೆಲುವು ಹೋಯಿತು ಎಂದು ಕೊರಗುವವರು ವರ್ಷಕ್ಕೊಮ್ಮೆ ಅದರಲ್ಲಿ ಕುಳಿತವರು. ಮೂರು ದಶಕ ದಿನವೂ ಕುಳಿತ ಶಾಲಾ ಮಾಸ್ತರರು ಹಾಗೆ ಕೊರಗಿದ್ದನ್ನು ಕೇಳಿದವರಿಲ್ಲ. ಹಿನ್ನೀರಿನ ಸೇತುವೆ ನ್ಯಾಯವಾದದ್ದು. ಅದು ಉಪಕಾರವಲ್ಲ, ಬಡ್ಡಿಯಿಲ್ಲದೆ ತೀರಿಸಿದ ಹಳೆಯ ಸಾಲ. ವಿರೋಧವಿರುವುದು ಬೇರೆಯದಕ್ಕೆ. ಊರಿನಿಂದ ಆಸ್ಪತ್ರೆಗೆ ಬೇಕಾದ ದಾರಿಯ ಹೆಸರು ಹೇಳಿ ಬಂದರಿನಿಂದ ಗಣಿಗೆ ದಾರಿ ಮಾಡುವುದಕ್ಕೆ.

ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಇದಕ್ಕೆ ಸ್ಪಷ್ಟ ಉದಾಹರಣೆ. ತೊಂಬತ್ತರ ದಶಕದ ಕೊನೆಯಲ್ಲಿ ಹೊರಟ ಈ ಯೋಜನೆಯ ಮುಖ್ಯ ಆಸಕ್ತಿ ಬಳ್ಳಾರಿ–ಹೊಸಪೇಟೆಯ ಅದಿರು ಕಡಲು ಸೇರುವುದರಲ್ಲಿತ್ತು. ಸುಮಾರು 600 ಹೆಕ್ಟೇರು ಕಾಡು ಕೇಳಿದ ಅದಕ್ಕೆ ಸರ್ವೋಚ್ಚ ನ್ಯಾಯಾಲಯದ ಕೇಂದ್ರ ಉನ್ನತಾಧಿಕಾರ ಸಮಿತಿ ಬೇಡವೆಂದಿತು. ಆದರೂ 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು, ಅದೇ ವರ್ಷ ಉಚ್ಚ ನ್ಯಾಯಾಲಯ ತಡೆಯಿತು. ‘ಹಿಂದುಳಿದ ಉತ್ತರ ಕನ್ನಡದ ಜನರಿಗಾಗಿ’ ಎಂದು ಭಾಷಣಗಳಲ್ಲಿ ಹೇಳಲಾಗುತ್ತದೆ. ಆ ಜನರ ಕಾಲುಸಂಕಗಳನ್ನು ಭಾಷಣಕಾರರು ನೋಡಿರಲಾರರು. ಅಡಿಕೆ ಮರದ ದಬ್ಬೆ ಹಾಕಿ ಹಗ್ಗ ಬಿಗಿದ ಸಂಕದ ಮೇಲೆ ಕರಾವಳಿ ಮಲೆನಾಡಿನ ಮಕ್ಕಳು ಮಳೆಗಾಲದುದ್ದಕ್ಕೂ ಶಾಲೆಗೆ ಹೋಗುತ್ತಾರೆ. 2022ರ ಆಗಸ್ಟಿನಲ್ಲಿ ಪಕ್ಕದ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ ಎರಡನೆಯ ತರಗತಿಯ ಬಾಲೆಯೊಬ್ಬಳು ಶಾಲೆಯಿಂದ ಮರಳುವಾಗ ಸಂಕದಿಂದ ಜಾರಿ ನೀರುಪಾಲಾದಳು. ಒಂದು ಸಂಕದ ಬದಲು ಕಾಂಕ್ರೀಟಿನ ಕಿರುಸೇತುವೆ ಕಟ್ಟುವ ಖರ್ಚು ಹೆದ್ದಾರಿಯ ಕೆಲವೇ ಮಾರು ಉದ್ದದ ಖರ್ಚು.

ಹೆದ್ದಾರಿ ತಾನೇ ಊರನ್ನು ಹತ್ತಿರ ಮಾಡುತ್ತದೆ ಎಂದು ನಂಬಿದವರು 2024ರ ಜುಲೈ 16ನ್ನು ನೆನೆಯಬೇಕು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಚತುಷ್ಪಥಕ್ಕೆಂದು ಬುಡ ಕಡಿದಿದ್ದ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಹತ್ತಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಎದುರು ದಡದ ಉಳುವರೆಗೆ ನೀರು ನುಗ್ಗಿ ಮನೆಗಳು ನೆಲಸಮವಾದವು. ಉಳುವರೆಯವರು ಆ ಹೆದ್ದಾರಿಯನ್ನು ಕೇಳಿರಲಿಲ್ಲ, ಅದು ಅವರ ದಡದಲ್ಲಿಯೂ ಇರಲಿಲ್ಲ. ಅದೇ ತಿಂಗಳು ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಶಿರಾಡಿಯ ದಾರಿ ಮತ್ತೆ ಮತ್ತೆ ಕುಸಿದು ಮುಚ್ಚಿತು. ಲಂಬವಾಗಿ ಕಡಿದ ಕೆಮ್ಮಣ್ಣಿನ ಗುಡ್ಡ ನೀರು ಕುಡಿದು ತನ್ನ ಭಾರಕ್ಕೆ ತಾನೇ ಜಾರುತ್ತದೆ ಎಂಬುದು ಮಲೆನಾಡಿನಲ್ಲಿ ಧರೆ ಕಡಿದು ಮನೆ ಕಟ್ಟಿದ ಯಾರಿಗೂ ಗೊತ್ತು. ನಗರದಿಂದ ಕಡಲಿಗೆ ಅರ್ಧ ಗಂಟೆ ಉಳಿಸಲು ಅಗಲಿಸಿದ ದಾರಿ ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿದಾಗ ಸುತ್ತಿ ಬಳಸಿ ಹೋಗುವವರು ಆ ಗುಡ್ಡದ ಊರಿನವರು.

ಕರೂರು–ಬಾರಂಗಿಯಲ್ಲಿ ಮುಂದೆ ಆಗಬೇಕಾದದ್ದರ ಕಡೆಗೆ ಗಮನ ಹರಿಯಬೇಕು. ಸೇತುವೆ ಎರಡೂ ದಿಕ್ಕಿಗೆ ತೆರೆದಿದೆ. ಸಾಗರಕ್ಕೆ ಹೋಗುವವನಿಗೆ ತೆರೆದಂತೆ, ಹಿನ್ನೀರಿನ ದಂಡೆಯಲ್ಲಿ ರೆಸಾರ್ಟಿಗೆ ಜಾಗ ಹುಡುಕುತ್ತ ಬರುವವನಿಗೂ ತೆರೆದಿದೆ. ತೋಟ ಬಿಟ್ಟರೆ ಬೇರೆ ಆಸ್ತಿ ಇಲ್ಲದ ಮನೆಗೆ ಇಂಥವರು ಒಡ್ಡುವ ಬೆಲೆ ಎಲೆಚುಕ್ಕಿ ರೋಗದ ವರ್ಷಗಳಲ್ಲಿ ದೊಡ್ಡದಾಗಿಯೇ ಕಾಣುತ್ತದೆ. ಸೇತುವೆಯಾದರೆ ಸಾಲದು, ಅದರ ಮೇಲೆ ರಾತ್ರಿಯೂ ಬಸ್ಸು ಓಡಬೇಕು, ತುಮರಿಯ ಕಡೆಯ ದಡದಲ್ಲಿ ಸದಾ ಒಂದು ಆಂಬುಲೆನ್ಸ್ ನಿಂತಿರಬೇಕು. ಒಳ ಊರುಗಳಿಂದ ಸೇತುವೆಯ ತನಕದ ದಾರಿಗೆ ಮಳೆಗಾಲ ತಡೆಯುವ ಮೋರಿ, ಕಿರುಸೇತುವೆ ಬೇಕು. ಕಾರಿಲ್ಲದವನಿಗೆ 470 ಕೋಟಿಯ ಸೇತುವೆ ಕಾಲ್ನಡಿಗೆಯ ಎರಡೂವರೆ ಕಿಲೋಮೀಟರು ಮಾತ್ರ. ಲಾಂಚಿನಲ್ಲಾದರೆ ಅವನು ಕುಳಿತು ಬರುತ್ತಿದ್ದ.

ಕಾಗದದ ಮೇಲಿನ ದೂರ ಇನ್ನೂ ಹಾಗೆಯೇ ಇದೆ. ಶರಾವತಿ ಸಂತ್ರಸ್ತರಿಗೆ ಕೊಟ್ಟ ಅರಣ್ಯಭೂಮಿಯನ್ನು ರಾಜ್ಯ ಸರ್ಕಾರ ಹಲವು ಆದೇಶಗಳ ಮೂಲಕ ಡಿನೋಟಿಫೈ ಮಾಡಿತ್ತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರದ ಒಪ್ಪಿಗೆಯನ್ನು ಮೊದಲು ಪಡೆಯಲಿಲ್ಲವೆಂಬ ಕಾರಣಕ್ಕೆ ಉಚ್ಚ ನ್ಯಾಯಾಲಯ 2021ರಲ್ಲಿ ಅವುಗಳನ್ನು ರದ್ದುಪಡಿಸಿತು. ಅರವತ್ತು ವರ್ಷದ ಹಿಂದೆ ಲಾರಿ ಹತ್ತಿ ಬಂದವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಸಾಗರ, ಶಿವಮೊಗ್ಗ, ಬೆಂಗಳೂರು, ದೆಹಲಿ ಎಂದು ಎಣಿಸುತ್ತಿದ್ದಾರೆ. ಅವರ ಅಜ್ಜ ಮುಳುಗಿಸಿಕೊಂಡ ನೆಲದಿಂದ ಹೊರಟ ವಿದ್ಯುತ್ತಿಗೆ ಆ ದಾರಿಯಲ್ಲಿ ಎಲ್ಲಿಯೂ ಒಪ್ಪಿಗೆ ಬೇಕಾಗಿರಲಿಲ್ಲ.

ಮುಂದೆ ಈ ಕಣಿವೆಗೆ ದೊಡ್ಡ ಯೋಜನೆ ಬಂದರೆ, ವಿನಾಯಿತಿ ಪಡೆದವನ್ನು ಬಿಟ್ಟು, ಸಾರ್ವಜನಿಕ ಅಹವಾಲು ನಡೆಯಬೇಕೆಂಬುದು 2006ರ ಪರಿಸರ ಪರಿಣಾಮ ಅಧಿಸೂಚನೆಯ ವಿಧಿ. ಕನಿಷ್ಠ ಮೂವತ್ತು ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಕಾಲೇಜಿನ ಹುಡುಗ ಹುಡುಗಿಯರು ಆ ಸಾರಾಂಶವನ್ನು ಊರಿನ ಜಗುಲಿಯ ಮೇಲೆ ಓದಿ ಹೇಳಲಿ. ಅಹವಾಲಿನ ದಿನ ಎದ್ದು ನಿಂತು ಯೋಜನೆಯವರನ್ನು ಕೇಳಲಿ: ಈ ಕೆಲಸದಿಂದ ಯಾವ ಯಾವ ಮನೆಯ ದಾರಿ ಎಷ್ಟು ಉದ್ದವಾಗುತ್ತದೆ, ಆಸ್ಪತ್ರೆಗೆ ಎಷ್ಟು ನಿಮಿಷ ಹೆಚ್ಚುತ್ತದೆ, ಆ ನಿಮಿಷಗಳ ಬೆಲೆ ವರದಿಯ ಯಾವ ಪುಟದಲ್ಲಿದೆ? ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಂಡು, ಪ್ರತಿಯನ್ನು ಕೈಗೆ ತೆಗೆದುಕೊಂಡೇ ಸಭೆಯಿಂದ ಏಳಲಿ.